13 ಸಾವಿರ ಸಂಬಳ, 5,500 ಬಾಡಿಗೆ

ಪೀಣ್ಯದ ಗಾರ್ಮೆಂಟ್ಸ್ ಒಂದರ ಟೈಮ್ ಆಫೀಸಿನಲ್ಲಿ ನಾನು ತುಂಬಾ ವರ್ಷ ಕೆಲಸ ಮಾಡಿದೆ. ಹಾಜರಿ, ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಮುಪ್ಪಿನ ಕಾಲಕ್ಕೆಂದು ಸಂಬಳದಲ್ಲಿ ಹಿಡಿಯುವ ಪಿಎಫ್ ದುಡ್ಡಿನ ಅರ್ಜಿ ಎಲ್ಲವೂ ನನ್ನ ಟೇಬಲ್ ದಾಟಿಯೇ ಹೋಗಬೇಕಿತ್ತು. ಅಲ್ಲಿ ಕೂತವರಿಗೆ ಜನರ ಮನೆಯ ಕಷ್ಟ ಬೇಗ ಗೊತ್ತಾಗುತ್ತದೆ. ಹೆಣ್ಣುಮಕ್ಕಳು ಬಂದು ನಿಂತು, ಸ್ವಲ್ಪ ತಡೆದು, 'ಮೇಡಂ, ಪಿಎಫ್‌ನಲ್ಲಿ ಎಷ್ಟಿದೆ ನೋಡ್ತೀರಾ' ಎಂದು ಕೇಳಿದರೆ ಸಾಕು. ಹತ್ತರಲ್ಲಿ ಆರೇಳು ಜನಕ್ಕೆ ಮನೆ ಬದಲಾಯಿಸಬೇಕಾಗಿರುತ್ತಿತ್ತು.

ಪಿಎಫ್‌ನಿಂದ ಅಡ್ವಾನ್ಸ್ ತೆಗೆಯಲು ಆಗ ಅರ್ಜಿಯಲ್ಲಿ ಕಾರಣ ಬರೆಯಬೇಕಿತ್ತು. ಮನೆ ಕಟ್ಟಲು, ಸೈಟ್ ಕೊಳ್ಳಲು, ಮದುವೆಗೆ, ಮಕ್ಕಳ ಓದಿಗೆ, ಕಾಯಿಲೆಗೆ ಎಂದೆಲ್ಲ ಅದರಲ್ಲಿ ಇರುತ್ತಿತ್ತು. ಬಾಡಿಗೆ ಮನೆಯ ಅಡ್ವಾನ್ಸ್ ಕಟ್ಟಲು ಎಂದು ಮಾತ್ರ ಇರಲಿಲ್ಲ. ಸ್ವಂತ ಮನೆ ಕಟ್ಟುವವರಿಗೆ ದುಡ್ಡು ಸಿಗುತ್ತಿತ್ತು, ಬಾಡಿಗೆಗೆ ಹೋಗುವವರಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಕಾಯಿಲೆ ಎಂದೇ ಬರೆಸುತ್ತಿದ್ದರು. ಆ ಅರ್ಜಿಗಳನ್ನು ಮಾತ್ರ ನೋಡಿದವರಿಗೆ ನಮ್ಮ ಫ್ಯಾಕ್ಟರಿಯಲ್ಲಿ ಮನೆಗೊಬ್ಬರು ಹಾಸಿಗೆ ಹಿಡಿದಿದ್ದಾರೆ ಅನ್ನಿಸಬೇಕು.

ಕಡಿಮೆ ಸಂಬಳದ ಕೆಲಸ ಮಾಡಿಕೊಂಡು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಬಹುದಾ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಅರ್ಜಿಗಳು. ಕಟ್ಟುತ್ತಾರೆ, ನಿಜ. ಪ್ರತಿ ತಿಂಗಳು 5ನೇ ತಾರೀಕಿಗೆ ಸರಿಯಾಗಿ ಕಟ್ಟುತ್ತಾರೆ. ಆದರೆ ಸಂಬಳದಿಂದ ಕಟ್ಟುತ್ತಾರೆ ಅಂತ ಮಾತ್ರ ನಾನು ಒಪ್ಪುವುದಿಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ಟೈಲರ್ ಒಬ್ಬಳಿಗೆ ತಿಂಗಳಿಗೆ 13,000 ಸಂಬಳ ಎಂದಿಟ್ಟುಕೊಳ್ಳಿ. ನೂರಕ್ಕೆ 12ರಂತೆ ಪಿಎಫ್ 1,560 ಹೋಯಿತು. ಇಎಸ್‌ಐ ನೂರಕ್ಕೆ 75 ಪೈಸೆ, ಅಂದರೆ 98 ರೂಪಾಯಿ. ಕೈಗೆ ಬರುವುದು 11,342. ಲಗ್ಗೆರೆ, ಹೆಗ್ಗನಹಳ್ಳಿ ಕಡೆ ಒಂದು ರೂಮು, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಅಡುಗೆಮನೆ ಇರುವ ಮನೆಗೆ 5,500 ಕೇಳುತ್ತಾರೆ. ನೀರಿಗೆ 200. ಅಲ್ಲಿಗೆ ಅರ್ಧ ಸಂಬಳ ಮುಗಿಯಿತು. ಉಳಿದ 5,642ರಲ್ಲಿ ಗ್ಯಾಸು, ಅಕ್ಕಿ, ಬೇಳೆ, ಎಣ್ಣೆ, ಫೋನು, ಮಗುವಿನ ಶಾಲೆ, ಸಂಘದ ಕಂತು. ಒಂದು ದಿನ ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ಸೂ ಇಲ್ಲ.

ಎರಡು ಸಂಬಳ ಇರುವ ಮನೆಗಳು ಹೇಗೋ ನಡೆಯುತ್ತವೆ. ಗಂಡ ಯಶವಂತಪುರ ಯಾರ್ಡಿನಲ್ಲಿ ಹಮಾಲಿ ಮಾಡಿಯೋ, ಆಟೋ ಓಡಿಸಿಯೋ ಬಾಡಿಗೆ ಹೊಂದಿಸಿದರೆ, ಹೆಂಡತಿಯ ಸಂಬಳದಲ್ಲಿ ಊಟ ಆಗುತ್ತದೆ. ನಾನು ಹೇಳುತ್ತಿರುವುದು ಒಂದೇ ಸಂಬಳದ ಮನೆಗಳ ಮಾತು. ಗಾರ್ಮೆಂಟ್ಸ್ ಲೈನಿನಲ್ಲಿ ಅಂಥ ಹೆಂಗಸರು ಎಷ್ಟು ಜನ ಇದ್ದಾರೆ ಅನ್ನುವುದು ಒಳಗೆ ಹೋಗಿ ನೋಡಿದವರಿಗೇ ಗೊತ್ತು.

ನಾಗಮಂಗಲ ಕಡೆಯ ಒಬ್ಬಳು ನಮ್ಮಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಡ ಇಲ್ಲ, ಮಗಳು ಹೈಸ್ಕೂಲು. ಅವಳ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಶೀಟ್ ಹಾಕಿದ ವಠಾರ. ಸಾಲಾಗಿ ನಾಲ್ಕು ಮನೆ, ಕೊನೆಯಲ್ಲಿ ಒಂದು ಬಚ್ಚಲು, ಒಂದು ಕಕ್ಕಸು. ಓನರ್ ಬೆಳಿಗ್ಗೆ ಐದೂವರೆಗೆ ಮೋಟರ್ ಹಾಕುತ್ತಾರೆ, ಆರೂಕಾಲಿಗೆ ಆಫ್. ಅಷ್ಟರಲ್ಲಿ ನಾಲ್ಕು ಮನೆಯ ಬಿಂದಿಗೆ, ಡ್ರಮ್ಮು ಎಲ್ಲ ತುಂಬಬೇಕು. ಫ್ಯಾಕ್ಟರಿಯಲ್ಲಿ ಒಂಬತ್ತಕ್ಕೆ ಪಂಚ್. ಬಾಗಿಲು ತೆಗೆದರೆ ಎದುರಿಗೇ ಮಂಚ, ಮಂಚದ ಕೆಳಗೆ ಊರಿನಿಂದ ತಂದ ರಾಗಿ ಮೂಟೆ. ಮಗಳು ಮಂಚದ ಮೇಲೆ ಓದಿಕೊಳ್ಳುತ್ತಾಳೆ, ಇವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತರಕಾರಿ ಹೆಚ್ಚುತ್ತಾಳೆ. ಇಬ್ಬರೂ ಒಟ್ಟಿಗೆ ಕಾಲು ಚಾಚುವ ಹಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಆ ಶೀಟಿನ ಕೆಳಗೆ ಹತ್ತು ನಿಮಿಷ ಕೂತರೆ ತಲೆ ಧಿಮ್ ಅನ್ನುತ್ತದೆ.

ಅವಳ ಲೆಕ್ಕ ಹೇಗೆ ಸರಿಹೋಗುತ್ತಿತ್ತು ಅಂದರೆ, ರಾಗಿ ಅಣ್ಣನ ಹೊಲದ್ದು. ಯುಗಾದಿಗೆ ಹೋದಾಗ ಮೂಟೆ, ಗೌರಿ ಹಬ್ಬಕ್ಕೆ ಹೋದಾಗ ಮತ್ತೊಂದು ಮೂಟೆ, ಹುರುಳಿ, ತೆಂಗಿನಕಾಯಿ. ಮಗಳು ಐದನೇ ಕ್ಲಾಸಿನವರೆಗೆ ಅಜ್ಜಿಯ ಹತ್ತಿರ ಇದ್ದಳು. ಕೂಸಿನ ಊಟ, ಬಟ್ಟೆ, ಜ್ವರದ ಔಷಧಿ ಎಲ್ಲ ಅಜ್ಜಿ ನೋಡಿಕೊಂಡರು. ಹೀಗೆ ನೋಡಿದರೆ ಬೆಂಗಳೂರಿನ ಬಾಡಿಗೆಯಲ್ಲಿ ಒಂದು ಪಾಲನ್ನು ನಾಗಮಂಗಲದ ಒಂದು ಎಕರೆ ಹೊಲ ಕಟ್ಟುತ್ತಿದೆ. ಆ ಹೊಲಕ್ಕೆ ಮಳೆ ಬಾರದ ವರ್ಷ ಇಲ್ಲಿ ಸಾಲ ಆಗುತ್ತದೆ. ಇದನ್ನು ನಾನು ಅವಳೊಬ್ಬಳಲ್ಲಿ ನೋಡಿದ್ದಲ್ಲ, ಲೈನಿಗೆ ಲೈನೇ ಹೀಗೆ.

ಸರ್ಕಾರದ ಸಹಾಯ ಬರಲಿಲ್ಲ ಅಂತ ಹೇಳುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಬಸ್ ಪಾಸಿನ ದುಡ್ಡು ಉಳಿಯಿತು. ಅದು ದೊಡ್ಡ ಉಪಕಾರ. ಸ್ವಲ್ಪ ದೂರದಲ್ಲಿ, ಕಡಿಮೆ ಬಾಡಿಗೆಯ ಮನೆಗೆ ಹೋಗುವ ಧೈರ್ಯ ಬಂದಿದ್ದು ಅದರಿಂದಲೇ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟದ ಕರೆಂಟ್ ಬಿಲ್ಲು ಬಾಡಿಗೆಯವರಿಗೂ ಮಾಫಿ. ಆದರೆ ಮನೆಗೊಂದು ಮೀಟರ್ ಇರಬೇಕಲ್ಲ. ನಾಲ್ಕು ಮನೆಗೆ ಒಂದೇ ಮೀಟರ್ ಇರುವ ವಠಾರದಲ್ಲಿ ಎಲ್ಲರ ಯೂನಿಟ್ಟೂ ಒಂದೇ ಬಿಲ್ಲಿನಲ್ಲಿ ಸೇರಿ 200 ದಾಟುತ್ತದೆ. ಆಗ ಓನರ್ ಮನೆಗೆ ಇಷ್ಟು ಅಂತ ಹಂಚುತ್ತಾರೆ. ಇನ್ನು ಗೃಹಲಕ್ಷ್ಮಿಯ 2,000 ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ಕಾರ್ಡು ಊರಲ್ಲಿ ಅತ್ತೆಯ ಹೆಸರಲ್ಲಿದ್ದರೆ ಇಲ್ಲಿ ಬಾಡಿಗೆ ಕಟ್ಟುವ ಸೊಸೆಗೆ ಅದು ಬರುವುದಿಲ್ಲ.

ಬಾಡಿಗೆಗಿಂತ ಜಾಸ್ತಿ ಕಾಡುವುದು ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ ಇಡುವುದು ಹಳೇ ಪದ್ಧತಿ. 5,500ರ ಮನೆಗೆ 55,000. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಎಂದಿದೆ. ಅದು ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾನೂನಾಗಿ ತಂದರೆ ಮಾತ್ರ ಜಾರಿ. ಲಗ್ಗೆರೆಯ ಓಣಿಯಲ್ಲಿ ಯಾವ ಓನರೂ ಎರಡು ತಿಂಗಳ ಅಡ್ವಾನ್ಸಿಗೆ ಬೀಗದ ಕೈ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಹೋಗುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಹೊಸ ಮನೆಗೆ ಮೊದಲು ದುಡ್ಡು ಕೊಡಬೇಕು, ಹಳೇ ಮನೆಯ ಅಡ್ವಾನ್ಸ್ ಬರುವುದು ಆಮೇಲೆ. ಆ ನಡುವಿನ ಹದಿನೈದು ದಿನಕ್ಕೆ ಕೈಸಾಲ. ಕೈಸಾಲಕ್ಕೆ ನೂರಕ್ಕೆ ಐದು ಬಡ್ಡಿ, ತಿಂಗಳಿಗೆ.

ಓನರ್‌ಗಳನ್ನೆಲ್ಲ ನಾನು ಬೈಯುವುದಿಲ್ಲ. ಅವರಲ್ಲಿ ಎಷ್ಟೋ ಜನ ಒಂದು ಸೈಟಿನಲ್ಲಿ ಸಾಲ ಮಾಡಿ ನಾಲ್ಕು ಮನೆ ಕಟ್ಟಿ, ಆ ಬಾಡಿಗೆಯಲ್ಲೇ ಕಂತು ತೀರಿಸುವವರು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್ ತರಿಸಿದಾಗ ಅವರಿಗೂ ಬಿಸಿ ತಟ್ಟಿತು. ಆದರೂ ಹನ್ನೊಂದು ತಿಂಗಳಿಗೆ ಒಮ್ಮೆ ಬಾಡಿಗೆಗೆ 300, 500 ಏರುವುದು ಮಾತ್ರ ತಪ್ಪುವುದಿಲ್ಲ. 2014ರಲ್ಲಿ ಪೀಣ್ಯಕ್ಕೆ ಮೆಟ್ರೊ ಬಂದ ಮೇಲೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಮನೆಗಳೆಲ್ಲ ಇನ್ನೂ ದುಬಾರಿಯಾದವು. ನಮ್ಮ ಹೆಣ್ಣುಮಕ್ಕಳು ಆ ಮೆಟ್ರೊ ಹತ್ತುವುದೇ ಅಪರೂಪ, ಅದರ ಬೆಲೆ ಬಾಡಿಗೆಯಲ್ಲಿ ಕಟ್ಟುತ್ತಾರೆ.

ಈ ಕಡೆ ಸಂಬಳ ಏರುವುದು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ತುಟ್ಟಿಭತ್ಯೆಯ ರೂಪದಲ್ಲಿ. ಅದೂ ತಪ್ಪಿದ್ದಿದೆ. 2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಬಹಳಷ್ಟು ಗಾರ್ಮೆಂಟ್ಸ್‌ಗಳಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಸಿಗಲಿಲ್ಲ. 417 ಅಂದರೆ ಏನು ಮಹಾ ಅನ್ನಬೇಡಿ. ವಠಾರದಲ್ಲಿ ಒಂದು ವರ್ಷದ ಬಾಡಿಗೆ ಏರಿಕೆ ಅಷ್ಟೇ.

ಈಗ ಪಿಎಫ್ ವಿಷಯಕ್ಕೆ ಮತ್ತೆ ಬರುತ್ತೇನೆ. 2016ರ ಏಪ್ರಿಲ್ 18, 19 ನೆನಪಿದೆಯಾ? ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದರು. ಎರಡನೇ ದಿನ ನಮ್ಮ ಜಾಲಹಳ್ಳಿ ಕ್ರಾಸ್ ಕಡೆಗೂ ಗಲಾಟೆ ಬಂತು, ಬಸ್ ಸುಟ್ಟರು, ಲಾಠಿ ಬೀಸಿದರು. 19ರ ಸಂಜೆಯೊಳಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಮುಪ್ಪಿನ ಕಾಲಕ್ಕೆ ಇರಲಿ ಅಂತ ಸರ್ಕಾರ ಹಿಡಿದಿಡುವ ದುಡ್ಡನ್ನು ಈ ಹೆಂಗಸರು ಯಾಕೆ ಈಗಲೇ ಕೊಡಿ ಅಂತಾರೆ ಎಂದು ಆಗ ಟಿವಿಯಲ್ಲಿ ತುಂಬಾ ಜನ ಕೇಳಿದರು. ನನ್ನ ಟೇಬಲ್ ಹತ್ತಿರ ಒಂದು ವಾರ ಕೂತಿದ್ದರೆ ಉತ್ತರ ಸಿಗುತ್ತಿತ್ತು. ಪಿಎಫ್ ಅಡ್ವಾನ್ಸ್ ಸಾಲದಿದ್ದವರು ಕೆಲಸವನ್ನೇ ಬಿಟ್ಟು ಪೂರ್ತಿ ಸೆಟಲ್‌ಮೆಂಟ್ ತೆಗೆದುಕೊಳ್ಳುತ್ತಿದ್ದರು. ಎರಡು ತಿಂಗಳು ಕಾದು ದುಡ್ಡು ಬಂದ ಮೇಲೆ ಪಕ್ಕದ ಫ್ಯಾಕ್ಟರಿಗೆ ಹೊಸಬಳಾಗಿ ಸೇರುತ್ತಿದ್ದರು. ಐದು ವರ್ಷ ತುಂಬದೆ ಬಿಟ್ಟವರಿಗೆ, ಕೆಲಸ ಬಿಡುವಾಗ ಮಾಲೀಕರು ಕೊಡುವ ಗ್ರಾಚ್ಯುಟಿಯೂ ಇರಲಿಲ್ಲ. ಹೀಗೆ 20 ವರ್ಷ ಹೊಲಿದು, ಕೊನೆಗೆ ಕೈಯಲ್ಲಿ ಏನೂ ಇಲ್ಲದೆ ಕಣ್ಣು ಮಂಜಾಗಿ ಊರಿಗೆ ಹೋದವರನ್ನು ನಾನು ಕಂಡಿದ್ದೇನೆ. ಅವರ ಮುಪ್ಪಿನ ದುಡ್ಡೆಲ್ಲ ವಠಾರದ ಬಾಡಿಗೆಗೆ ಹೋಯಿತು.

ಕನಿಷ್ಠ ವೇತನ ಲೆಕ್ಕ ಹಾಕುವಾಗ ಬಾಡಿಗೆಯನ್ನು ಸೇರಿಸುವುದಿಲ್ಲವಾ ಎಂದು ನನಗೂ ಕುತೂಹಲ ಇತ್ತು. ಸೇರಿಸುತ್ತಾರೆ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೆ ಸೂತ್ರ ಮಾಡಿತು. ಒಬ್ಬರ ದುಡಿಮೆಯಲ್ಲಿ ಮೂರು ಜನಕ್ಕಾಗುವಷ್ಟು ಊಟ, ವರ್ಷಕ್ಕೆ 72 ಗಜ ಬಟ್ಟೆ, ಜೊತೆಗೆ ಬಾಡಿಗೆ. ಬಾಡಿಗೆ ಎಷ್ಟು? ಸರ್ಕಾರಿ ಕೈಗಾರಿಕಾ ವಸತಿ ಯೋಜನೆಯ ಮನೆಗೆ ಕಟ್ಟುವ ಕನಿಷ್ಠ ಬಾಡಿಗೆಯಷ್ಟು. ಅಂದರೆ ಕಾರ್ಮಿಕರಿಗೆ ಸರ್ಕಾರ ಮನೆ ಕಟ್ಟಿಕೊಡುತ್ತದೆ ಅನ್ನುವ ನಂಬಿಕೆಯ ಮೇಲೆ ಆ ಸೂತ್ರ ನಿಂತಿತ್ತು. ನಮ್ಮ ಫ್ಯಾಕ್ಟರಿಯ ಲೈನುಗಳಲ್ಲಿ ಸರ್ಕಾರಿ ಬಾಡಿಗೆ ಮನೆಯಲ್ಲಿ ಇದ್ದವರು ಒಬ್ಬರೂ ನನಗೆ ಸಿಗಲಿಲ್ಲ.

ಇತ್ತೀಚಿನದು ಇನ್ನೂ ಬೇಸರ ತರಿಸುತ್ತದೆ. ವೇತನ ಸಂಹಿತೆಗೆ ಕೇಂದ್ರ 2020ರಲ್ಲಿ ಹೊರಡಿಸಿದ ಕರಡು ನಿಯಮಗಳಲ್ಲಿ, ಮನೆ ಬಾಡಿಗೆ ಅಂದರೆ ಊಟ ಮತ್ತು ಬಟ್ಟೆಯ ಖರ್ಚಿನ ನೂರಕ್ಕೆ 10 ಎಂದು ಬರೆದರು. ಊಟ ಬಟ್ಟೆಗೆ ತಿಂಗಳಿಗೆ 10,000 ಅಂತ ಹಿಡಿದರೂ ಬಾಡಿಗೆ 1,000. ಸಾವಿರ ರೂಪಾಯಿಗೆ ಈ ಊರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗಬಹುದು.

ಅದೇ ರಾಜ್ಯ ಸರ್ಕಾರಿ ನೌಕರರ ಲೆಕ್ಕ ನೋಡಿ. ಏಳನೇ ವೇತನ ಆಯೋಗದ ಮೇಲೆ, 2024ರ ಆಗಸ್ಟ್‌ನಿಂದ, ಅತಿ ಕಡಿಮೆ ಮೂಲ ವೇತನ 27,000. ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಅದರ ನೂರಕ್ಕೆ 20, ಅಂದರೆ 5,400. ಅವರಿಗೆ ಸಿಗುತ್ತಿದೆ ಅಂತ ನನಗೆ ಹೊಟ್ಟೆಕಿಚ್ಚಿಲ್ಲ, ಸಿಗಲೇಬೇಕು. ಬೆಂಗಳೂರಿನಲ್ಲಿ ತಲೆ ಮೇಲೊಂದು ಸೂರಿಗೆ ಇಷ್ಟಾದರೂ ಬೇಕು ಎಂದು ಸರ್ಕಾರಕ್ಕೆ ಗೊತ್ತಿದೆ ಅಂತಾಯಿತು. ಕಚೇರಿಯಲ್ಲಿ ಫೈಲ್ ಹೊರುವವರಿಗೆ ಬೇಕಾದ ಸೂರು, ಕಾಲರ್ ಹೊಲಿಯುವವಳಿಗೂ ಅಷ್ಟೇ ಬೇಕು ಅಲ್ವಾ?

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಹೊಸ ಕರಡು ಹೊರಡಿಸಿದಾಗ ರಾಜ್ಯದ ಅತಿ ಕಡಿಮೆ ದರದ ವಲಯದಲ್ಲೇ, ಕೌಶಲ ಇಲ್ಲದ ಕೆಲಸಕ್ಕೂ, ತಿಂಗಳಿಗೆ ಸುಮಾರು 19,300 ಎಂದು ಇತ್ತು, ಬೆಂಗಳೂರು ಇರುವ ವಲಯಕ್ಕೆ ಅದಕ್ಕಿಂತ ಜಾಸ್ತಿ. ಆ ಸುದ್ದಿ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. 5,500ರ ಬಾಡಿಗೆ ಅಷ್ಟು ಸಂಬಳದಲ್ಲಿ ಕಟ್ಟಿದರೆ ಒಬ್ಬಳು ಹೆಂಗಸು ಪಿಎಫ್ ಮುಟ್ಟದೆ ಇರಬಹುದು. ಉದ್ಯಮಿಗಳ ಸಂಘಗಳು ತಕ್ಷಣ ಬೇಡ ಎಂದವು. ಇಷ್ಟು ಕೊಟ್ಟರೆ ಫ್ಯಾಕ್ಟರಿ ಬೇರೆ ಕಡೆ ಹೋಗುತ್ತದೆ ಅನ್ನುವ ಮಾತು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಹೋಗಿಯೂ ಇದ್ದಾವೆ, ಮದ್ದೂರು, ಮಂಡ್ಯ, ತುಮಕೂರು ಕಡೆಗೆ. ಅಲ್ಲಿ ಹೆಂಗಸರು ಸ್ವಂತ ಮನೆಯಿಂದ ವ್ಯಾನಿನಲ್ಲಿ ಬಂದು ಹೋಗುತ್ತಾರೆ, ಬಾಡಿಗೆ ಇಲ್ಲ, ಅದಕ್ಕೇ ಕಡಿಮೆ ಸಂಬಳ ನಡೆಯುತ್ತದೆ. ಅಲ್ಲೂ ಮನೆ ಕೊಟ್ಟಿದ್ದು ಕಾರ್ಮಿಕರ ಅಪ್ಪ, ಅಮ್ಮ, ಅತ್ತೆ, ಮಾವನೇ.

ಊರಿನ ಕಡೆ ಹುಡುಗಿಯರು ಈಗಲೂ ನನಗೆ ಫೋನ್ ಮಾಡಿ, ಬೆಂಗಳೂರಿಗೆ ಬರಲಾ ಎಂದು ಕೇಳುತ್ತಾರೆ. ಮೂರು ಜನ ಸೇರಿ ಬನ್ನಿ, ಒಂದು ರೂಮು ಮಾಡಿ ಅನ್ನುತ್ತೇನೆ. ಮನೆಗೆ ಬೇರೆ ಮೀಟರ್ ಇದೆಯಾ ನೋಡಿ. ಅಡ್ವಾನ್ಸ್ ಕೊಟ್ಟಿದ್ದಕ್ಕೆ ಕೈಬರಹದ್ದಾದರೂ ಸರಿ ಒಂದು ರಸೀದಿ ಬರೆಸಿಕೊಳ್ಳಿ, ಇಲ್ಲವೇ ಫೋನ್‌ಪೇ ಮಾಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಾ ಎಂದು ಮೊದಲೇ ಕೇಳಿ. ಐದು ವರ್ಷ ತುಂಬುವ ಮೊದಲು ಕೆಲಸ ಬಿಡಬೇಡಿ. ಒಬ್ಬಳೇ, ಮಗುವನ್ನು ಕರೆದುಕೊಂಡು ಬರುತ್ತೇನೆ ಅಂದವಳಿಗೆ ಮಾತ್ರ ನಾನು ಮೇಲಿನ ಲೆಕ್ಕವನ್ನು ಒಂದೊಂದು ರೂಪಾಯಿಯೂ ಬಿಡದೆ ಓದಿ ಹೇಳುತ್ತೇನೆ, ಉಳಿಯುವುದು ಎಷ್ಟು ಅಂತ ಅವಳೇ ಕೂಡಿ ನೋಡಲಿ ಎಂದು.