ಸುಮ್ನೆ ಸಿಗೋಣ

14 ಜುಲೈ 2024, ಭಾನುವಾರ

ಶುಕ್ರವಾರ ಸಂಜೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಮೆಸೇಜ್ ಕಳಿಸಿದ್ದ: ‘ವಾಂಟ್ ಟು ಹ್ಯಾಂಗ್ ಔಟ್ ಟುಮಾರೊ?’ ನಾನು ‘ಏನು ಕೆಲಸ ಇತ್ತು?’ ಅಂತ ತಿರುಗಿ ಕೇಳಿದೆ. ‘ಏನಿಲ್ಲ, ಇರಲಿ ಬಿಡಿ’ ಎಂದ. ಮಾತು ಅಲ್ಲಿಗೇ ನಿಂತಿತು.

ಎರಡು ದಿನದಿಂದ ಅದೇ ಕೊರೆಯುತ್ತಿದೆ. ಕೆಲಸ ಏನೂ ಇಲ್ಲ ಅಂತಲೇ ಅವನು ಕರೆದಿದ್ದು, ಅಲ್ವಾ?

‘ಹ್ಯಾಂಗ್’ ಅಂದರೆ ನೇತುಹಾಕು, ‘ಔಟ್’ ಅಂದರೆ ಹೊರಗೆ. ಎರಡನ್ನೂ ಕೂಡಿಸಿದರೆ ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವುದು ಬರುತ್ತದೆ. ಆ ಅರ್ಥ ಇಂದಿಗೂ ಇದೆ. ಆದರೆ ಗೆಳೆಯರು ಹೇಳುವಾಗ ಅದು ಬೇರೆಯೇ. ಜೊತೆಯಲ್ಲಿ ಇರೋದು, ಅಷ್ಟೇ. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ತುಂಬಾ ಹೊತ್ತು ಯೋಚಿಸಿದೆ. ‘ಹರಟೆ ಹೊಡೆಯೋದು’ ಅನ್ನಬಹುದು, ಆದರೆ ಹರಟೆಗೆ ಮಾತು ಬೇಕು. ಮಾತಿಲ್ಲದೆ ಪಕ್ಕದಲ್ಲಿ ಕೂತು ಇಬ್ಬರೂ ತಮ್ಮ ತಮ್ಮ ಪುಸ್ತಕ ಓದುತ್ತಿದ್ದರೂ ಅದು ಹ್ಯಾಂಗ್ ಔಟೇ. ‘ಕಾಲಹರಣ’ ಅಂದರೆ ಬೈದ ಹಾಗಾಗುತ್ತದೆ. ‘ಸುಮ್ನೆ ಸಿಗೋಣ’ ಅನ್ನೋದು ನನಗೆ ಸರಿ ಕಂಡಿತು. ಆ ‘ಸುಮ್ನೆ’ಯಲ್ಲೇ ಎಲ್ಲ ಇದೆ.

ಈ ಮಾತು ನಿನ್ನೆ ಮೊನ್ನೆಯದಲ್ಲ. ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಕಂತುಗಳಲ್ಲಿ ಬರೆದ ಕಾದಂಬರಿ ‘ದ ಪಿಕ್‌ವಿಕ್ ಪೇಪರ್ಸ್’ನಲ್ಲೇ ಒಬ್ಬಾತ ಕಥಾನಾಯಕ ಪಿಕ್‌ವಿಕ್‌ನನ್ನು ‘ವೇರ್ ಡು ಯು ಹ್ಯಾಂಗ್ ಔಟ್?’ ಎಂದು ಕೇಳುತ್ತಾನೆ. ಅಲ್ಲಿ ಅದರ ಅರ್ಥ ‘ಎಲ್ಲಿ ಉಳಿದುಕೊಂಡಿದ್ದೀರಿ?’ ಅಂತ. ಇರುವ ಜಾಗವನ್ನು ಹೇಳುತ್ತಿದ್ದ ಮಾತು ಈಗ ಜೊತೆಗಿರುವುದನ್ನೂ ಹೇಳುತ್ತದೆ. ನನಗೆ ಇದು ಬಹಳ ಇಷ್ಟವಾಯಿತು.

ಯಾರ ಜೊತೆ ಅಂತ ಹೇಳುವಾಗ ‘ವಿತ್’ ಮರೆಯಬಾರದು: ‘ಐ ಹಂಗ್ ಔಟ್ ವಿತ್ ಹಿಮ್.’ ಅದನ್ನು ಬಿಟ್ಟರೆ ಅವನನ್ನೇ ಬಟ್ಟೆಯ ಹಾಗೆ ಹೊರಗೆ ನೇತುಹಾಕಿದ ಅರ್ಥ ಬರುತ್ತದೆ. ಭೂತಕಾಲದಲ್ಲಿ ‘ಹಂಗ್’ ಅನ್ನಬೇಕು. ‘ಹ್ಯಾಂಗ್ಡ್’ ಅನ್ನೋದು ಗಲ್ಲಿಗೇರಿಸಿದ್ದಕ್ಕೆ ಮೀಸಲು. ಆಫೀಸಿನ ಪತ್ರದಲ್ಲಿ ‘ಹ್ಯಾಂಗ್ ಔಟ್’ ಬೇಡ, ಅಲ್ಲಿ ‘ಮೀಟ್’ ಸಾಕು.

ಕೊನೆಯ ಪದ ಬದಲಾದರೆ ಅರ್ಥವೇ ಬದಲು. ‘ಹ್ಯಾಂಗ್ ಆನ್’ ಅಂದರೆ ಸ್ವಲ್ಪ ತಾಳು. ‘ಹ್ಯಾಂಗ್ ಅಪ್’ ಅಂದರೆ ಫೋನ್ ಇಡು. ಹಳೇ ಫೋನುಗಳಲ್ಲಿ ಕಿವಿಗೆ ಹಿಡಿಯುವ ಭಾಗವನ್ನು ಕೊಕ್ಕೆಗೆ ನೇತುಹಾಕುತ್ತಿದ್ದರು. ಅದರ ಭಾರಕ್ಕೆ ಕೊಕ್ಕೆ ಕೆಳಗಿಳಿದು ಲೈನ್ ಕಟ್ಟಾಗುತ್ತಿತ್ತು. ಕೊಕ್ಕೆ ಹೋಯಿತು, ಮಾತು ಉಳಿಯಿತು.

ಮಧ್ಯಾಹ್ನ ನಾನೇ ಅವನಿಗೆ ಬರೆದೆ: ‘ಮೊನ್ನೆ ನಿಮ್ಮ ಮಾತು ಸರಿಯಾಗಿ ಅರ್ಥ ಆಗಿರಲಿಲ್ಲ. ವಾಂಟ್ ಟು ಹ್ಯಾಂಗ್ ಔಟ್ ಟುಡೇ?’ ಸ್ವಲ್ಪ ಹೊತ್ತಿಗೆ ಉತ್ತರ ಬಂತು. ‘ಐದಕ್ಕೆ ಆಗುತ್ತಾ?’

ಈಗ ನಾಲ್ಕೂವರೆ. ಹೊರಟೆ.