ಇಂಟೆಗ್ರಿನ್ ಮಾದರಿ: ಮೊಣಕಾಲು ಕೊನೆಗೂ ಬಿಚ್ಚಿಕೊಂಡಿತು

ನಾನು 3ಡಿ ಪ್ರಿಂಟ್ ಮಾಡಿದ ಆಲ್ಫಾ-2ಬಿ ಬೀಟಾ-3 ಇಂಟೆಗ್ರಿನ್ ಮಾದರಿ ಇವತ್ತು ಎದ್ದು ನಿಂತಿತು! ಇಂಟೆಗ್ರಿನ್ ಅಂದರೆ ಜೀವಕೋಶದ ಮೇಲಿದ್ದು ಹೊರಗಿನದನ್ನು ಹಿಡಿಯುವ ಗ್ರಾಹಿ ಪ್ರೋಟೀನ್. ಆಲ್ಫಾ, ಬೀಟಾ ಎಂಬ ಎರಡು ಸರಪಳಿಗಳೇ ಅದರ ಎರಡು ಕಾಲು. ಇದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಮೇಲಿರುವಂಥದ್ದು. ಒಂದು ನ್ಯಾನೋಮೀಟರ್‌ಗೆ ಒಂದು ಸೆಂಟಿಮೀಟರ್ ಲೆಕ್ಕ. ಮಡಚಿದಾಗ ಸುಮಾರು 11 ಸೆಂ.ಮೀ., ನಿಂತಾಗ ಸುಮಾರು 20. ಸ್ಲೈಸಿಂಗ್ (ಮಾದರಿಯನ್ನು ಪ್ರಿಂಟರ್‌ಗಾಗಿ ಪದರಗಳಾಗಿ ಸೀಳುವುದು), ಸಪೋರ್ಟ್ (ಪ್ರಿಂಟ್ ಆಗುವಾಗಿನ ಆಸರೆ) ಕೀಳೋದು ಎಲ್ಲ ಎಂದಿನಂತೆಯೇ. ತಲೆ ತಿಂದಿದ್ದು ಮೊಣಕಾಲು.

ಎರಡೂ ಕಾಲಿಗೆ ಒಂದೇ ಥರ ಸ್ಪ್ರಿಂಗ್ ಇತ್ತು. ಬಿಗಿಯಾದರೆ ಮಾದರಿ ಮಡಚಿ ಕೂರುತ್ತಿರಲಿಲ್ಲ. ಸಡಿಲವಾದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮಡಚದಿದ್ದರೂ ಪರವಾಗಿಲ್ಲ ಅಂತ ಬಿಡುವ ಹಾಗಿಲ್ಲ. ಈ ಗ್ರಾಹಿ ಹಿಡಿಯುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ರಕ್ತದಲ್ಲಿ ಯಾವಾಗಲೂ ಓಡಾಡುತ್ತಿರುತ್ತದೆ. ಈ ಗ್ರಾಹಿಗಳು ಸದಾ ಎದ್ದು ನಿಂತಿದ್ದರೆ ಗಾಯವೇ ಇಲ್ಲದೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ರಕ್ತನಾಳ ಮುಚ್ಚಿಬಿಡುತ್ತವೆ. ಗ್ರಾಹಿ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಗ್ಲಾಂಜ್‌ಮನ್ ಕಾಯಿಲೆ, ರಕ್ತ ನಿಲ್ಲುವುದೇ ಕಷ್ಟ. ಏಳುವುದು ಎಷ್ಟು ಮುಖ್ಯವೋ ಮಡಚುವುದೂ ಅಷ್ಟೇ ಮುಖ್ಯ ಅಲ್ವಾ?

ದಾರಿ ಸಿಕ್ಕಿದ್ದು ಹರಳು ರಚನೆಗಳಲ್ಲಿ (ಪ್ರೋಟೀನನ್ನು ಹರಳಾಗಿಸಿ ಎಕ್ಸ್-ರೇಯಿಂದ ಕಂಡುಕೊಂಡ ಆಕಾರ). 2001ರಲ್ಲಿ ಬಂದ, ಇದರ ಸೋದರ ಇಂಟೆಗ್ರಿನ್ ಆಲ್ಫಾ-ವಿ ಬೀಟಾ-3ರ ರಚನೆಯಲ್ಲಿ ಬೀಟಾ ಮೊಣಕಾಲು ಸರಿಯಾಗಿ ಕಾಣುವುದಿಲ್ಲ. 2008ರ ಆಲ್ಫಾ-2ಬಿ ಬೀಟಾ-3ರಲ್ಲಿ ಕಾಣುತ್ತದೆ, ಆ ಕಾಲಿನಲ್ಲಿ ಸಾಲಾಗಿರುವ ಇಜಿಎಫ್ ಎಂಬ ಪುಟ್ಟ ತುಂಡುಗಳಲ್ಲಿ ಎರಡನೆಯದರ ಹತ್ತಿರ. ಆಲ್ಫಾ ಮಡಚುವುದು ತೊಡೆ ಮತ್ತು ಕಾಫ್-1 (ಮೀನಖಂಡ) ಎಂದು ಕರೆಯುವ ಭಾಗಗಳ ನಡುವೆ. ಹಾಗಾಗಿ ಆಲ್ಫಾಗೆ ಪಿನ್ ಮತ್ತು ಸ್ಪ್ರಿಂಗ್ ಉಳಿಸಿಕೊಂಡೆ, ಬೀಟಾಗೆ ಬಳುಕುವ ಟಿಪಿಯು (ರಬ್ಬರಿನಂಥ ಪ್ಲಾಸ್ಟಿಕ್) ತುಂಡು ಹಾಕಿದೆ. ಮಡಚಿದಾಗ ತಲೆ ಕೆಳಗಾಲಿಗೆ ತಾಗುವಲ್ಲಿ ಒಂದು ಮ್ಯಾಗ್ನೆಟ್, ಪಾದಗಳ ನಡುವೆ ಇನ್ನೊಂದು. ಮ್ಯಾಗ್ನೆಟ್ ಮಾರುವವರು 3 ಮಿ.ಮೀ. ಕೇಳಿದರೆ ದಪ್ಪದ್ದನ್ನು ಕಳಿಸಿ, "ಎಲ್ಲಾ ಒಂದೇ" ಅಂದರು. ಒಂದೇ ಆಗಿದ್ದರೆ ಪ್ರತಿ ತೂತನ್ನೂ ಮತ್ತೆ ಕೊರೆಯಬೇಕಿತ್ತಾ?

ಜೀವಕೋಶದ ಒಳಗೆ ಟ್ಯಾಲಿನ್ ಎಂಬ ಪ್ರೋಟೀನ್ ಬಂದು ಬೀಟಾ ಬಾಲ (ಕೋಶದೊಳಗಿನ ತುದಿ) ಹಿಡಿದಾಗ ಎರಡು ಬಾಲಗಳು ದೂರವಾಗುತ್ತವೆ. ನನ್ನ ಟ್ಯಾಲಿನ್ ಒಂದು ಬೆಣೆ. ಅದನ್ನು ಪಾದಗಳ ನಡುವೆ ತೂರಿಸಿದ ತಕ್ಷಣ ಬೀಟಾ ಕಾಲು ಸರಿಯಿತು, ತಲೆಯ ಹಿಡಿತ ಬಿಟ್ಟಿತು, ಇಡೀ ಮಾದರಿ ಚಿಮ್ಮಿ ನಿಂತಿತು. ಬೆಣೆ ತೆಗೆದು ಒತ್ತಿದರೆ ಮತ್ತೆ ಮಡಚುತ್ತದೆ. ಸುಮ್ನೆ ಆಡಿಸುತ್ತಲೇ ಕೂತಿದ್ದೇನೆ.

ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ ಸೇರಿ 24 ಜೋಡಿಗಳಿವೆ. ಬಿಳಿ ರಕ್ತಕಣಗಳ ಬೀಟಾ-2 ಕುಟುಂಬವನ್ನೂ ಮಾಡುವ ಆಸೆ ಇದೆ. ಅದು ಕೆಟ್ಟರೆ ಕಣಗಳು ರಕ್ತನಾಳದಿಂದ ಹೊರಬರಲಾಗದೆ ಸೋಂಕಾದ ಗಾಯದಲ್ಲೂ ಕೀವಾಗುವುದಿಲ್ಲ. ಆದರೆ ಮೊದಲು ಚರ್ಮದ ಆಲ್ಫಾ-6 ಬೀಟಾ-4. ಉಳಿದವು ಸಾಮಾನ್ಯವಾಗಿ ಕೋಶದೊಳಗಿನ ಆಕ್ಟಿನ್ ಎಳೆಗಳ ಕಡೆ ಕೈ ಚಾಚಿದರೆ ಇದು ಕೆರಾಟಿನ್ ಎಳೆಗಳ ಜಾಲಕ್ಕೆ ಕಟ್ಟಿಕೊಳ್ಳುತ್ತದೆ. ಅದರ ಬೀಟಾ-4 ಬಾಲದಲ್ಲಿ 1000ಕ್ಕೂ ಜಾಸ್ತಿ ಅಮೈನೋ ಆಮ್ಲಗಳು. ಅಷ್ಟು ಉದ್ದದ ಬಾಲವನ್ನು ಟಿಪಿಯುನಲ್ಲಿ ಪ್ರಿಂಟ್ ಮಾಡಲೋ, ಮಣಿ ಪೋಣಿಸಲೋ? ಮಾಡಿ ನೋಡಿದವರಿದ್ದರೆ ಹೇಳಿ.