ಇಂಗಲ್‌ನುಕ್

ಬೆಳಿಗ್ಗೆಯಿಂದ ಒಂದೇ ಪದ ಬಾಯಲ್ಲಿ: ಇಂಗಲ್‌ನುಕ್. ಸ್ಕಾಟ್ಲೆಂಡಿನ ಮಾತಲ್ಲಿ 'ಇಂಗಲ್' ಅಂದ್ರೆ ಮನೆಯೊಳಗಿನ ಒಲೆಯಲ್ಲಿ ಉರಿಯೋ ಬೆಂಕಿ. ಅಲ್ಲಿನದೇ ಗೇಲಿಕ್ ಭಾಷೆಯಿಂದ ಬಂದಿರಬೇಕು ಅಂತಾರೆ. 'ನುಕ್' ಅಂದ್ರೆ ಮೂಲೆ, 1300ರ ಸುಮಾರಿನಿಂದಲೂ ಇಂಗ್ಲಿಷಿನಲ್ಲಿದೆ. ಬ್ರಿಟನ್ನಿನ ಹಳೇ ಹಳ್ಳಿಮನೆಗಳಲ್ಲಿ ಅಡುಗೆ ಮಾಡೋ ಒಲೆಯ ಜಾಗವೇ ಒಂದು ಪುಟ್ಟ ಕೋಣೆಯಷ್ಟು ಅಗಲ; ಅದೇ ಇಂಗಲ್‌ನುಕ್. ಮೇಲೆ ದಪ್ಪನೆಯ ಮರದ ತೊಲೆ, ಒಳಗೆ ಬೆಂಕಿಯ ಎರಡೂ ಪಕ್ಕ ಕೂರೋಕೆ ಜಗಲಿ, ಗೋಡೆಯ ಗೂಡಿನಲ್ಲಿ ತೇವ ತಾಗದ ಹಾಗೆ ಇಟ್ಟ ಉಪ್ಪು. ಆ ಉಪ್ಪಿನ ಗೂಡು ನನಗೆ ತುಂಬಾ ಹಿಡಿಸಿತು. ಕನ್ನಡದಲ್ಲಿ 'ಒಲೆಮೂಲೆ' ಅನ್ನಬಹುದಾ? ಅಜ್ಜಿ ಬಚ್ಚಲೊಲೆ ಮುಂದೆ ನನ್ನನ್ನು ಕೂರಿಸಿಕೊಂಡು ತಲೆ ಒರೆಸ್ತಿದ್ದ ಜಾಗಕ್ಕೆ ನಮ್ಮನೇಲಿ ಹೆಸರೇ ಇರಲಿಲ್ಲ.